ಕಾಡಿನ ದಾರಿಯ ಕ್ಯಾಮೆರಾ ನನ್ನ ಫೋಟೊ ತೆಗೆದಿರುತ್ತಾ?

ಪ್ರಶ್ನೆ: ನಾವು ಐದು ಜನ ಗೆಳತಿಯರು ಪರ್ಮಿಟ್ ಮಾಡಿಸಿಕೊಂಡು, ಇಲಾಖೆ ಕೊಟ್ಟ ಗೈಡ್ ಜೊತೆ ಪಶ್ಚಿಮ ಘಟ್ಟದ ಒಂದು ಕಾಡಿಗೆ ಚಾರಣ ಹೋಗಿದ್ದೆವು. ಬೆಳಿಗ್ಗೆ ಎಂಟರ ಹೊತ್ತಿಗೆ ನಾನು ಮೂತ್ರಕ್ಕೆ ಅಂತ ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದೆ. ವಾಪಸ್ ಬರುವಾಗ ನೋಡಿದರೆ ಒಂದು ಮರಕ್ಕೆ ಮೊಣಕಾಲೆತ್ತರದಲ್ಲಿ ಕ್ಯಾಮೆರಾ ಕಟ್ಟಿತ್ತು. ಕೇಳಿದರೆ ಗೈಡ್ "ಹುಲಿಗೆ ಇಟ್ಟಿದ್ದು ಮೇಡಂ, ತಲೆ ಕೆಡಿಸ್ಕೋಬೇಡಿ" ಅಂದರು. ಎಲ್ಲೂ ಬೋರ್ಡ್ ಇರಲಿಲ್ಲ. ಎರಡು ವಾರ ಆಯಿತು, ಅದೇ ಯೋಚನೆ. ಅದು ನನ್ನ ಫೋಟೊ ತೆಗೆದಿರುತ್ತಾ? ತೆಗೆದಿದ್ದರೆ ಯಾರು ನೋಡುತ್ತಾರೆ? ಹೇಳದೆ ಕೇಳದೆ ಹೀಗೆ ಫೋಟೊ ತೆಗೆಯುವ ಹಕ್ಕು ಸರ್ಕಾರಕ್ಕೆ ಇದೆಯಾ? ಆ ಹೊತ್ತಿಗೆ ಕಾರ್ಡ್ ಕಿತ್ತುಕೊಂಡು ಬಿಡಬೇಕಿತ್ತಾ? ಈಗ ಏನು ಮಾಡಲಿ?

ಉತ್ತರ: ಆ ಕ್ಯಾಮೆರಾ ಹುಲಿಗೆ ಇಟ್ಟಿದ್ದೇ ಇರಬೇಕು. ಗೈಡ್ ಅಷ್ಟರ ಮಟ್ಟಿಗೆ ಸರಿ. ಆದರೆ ಹುಲಿಗೆ ಇಟ್ಟ ಕ್ಯಾಮೆರಾ ಹುಲಿ ಬಂದಾಗ ಮಾತ್ರ ಕಣ್ಣು ಬಿಡುವುದಿಲ್ಲ. ಬಿಸಿ ಮೈಯ ಯಾವ ಜೀವ ಎದುರಿಗೆ ಅಲುಗಾಡಿದರೂ ಕ್ಲಿಕ್ ಆಗುತ್ತದೆ. ಹಾಗಾಗಿ ನಿಮ್ಮ ಕಳವಳ ಸುಮ್ನೆ ಹುಟ್ಟಿದ್ದಲ್ಲ. ನಾನು ವರ್ಷಗಟ್ಟಲೆ ಈ ಕ್ಯಾಮೆರಾಗಳನ್ನು ಕಟ್ಟಿದ್ದೇನೆ, ಬಿಚ್ಚಿದ್ದೇನೆ, ಕಾರ್ಡ್ ತುಂಬ ಬಂದ ಫೋಟೊಗಳ ಮುಂದೆ ಕೂತು ಒಂದೊಂದನ್ನೂ ಬೇರೆ ಮಾಡಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು, ನಿಮ್ಮ ಫೋಟೊ ಬಂದಿರುತ್ತಾ ಅನ್ನುವುದು. ಇದಕ್ಕೆ ಆ ಡಬ್ಬಿ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿಯಬೇಕು. ಕಾಡಿನಲ್ಲಿ ಎಲ್ಲರೂ ಇದನ್ನು ಕ್ಯಾಮೆರಾ ಟ್ರ್ಯಾಪ್ ಅನ್ನುತ್ತಾರೆ. ಒಳಗೆ ಒಂದು ಲೆನ್ಸ್ ಇರುತ್ತದೆ, ಶಾಖ ಗುರುತಿಸುವ ಒಂದು ಸೆನ್ಸರ್ ಇರುತ್ತದೆ. ಸುತ್ತಲಿನ ಗಾಳಿ, ಎಲೆ, ನೆಲಕ್ಕಿಂತ ಬೇರೆ ಶಾಖದ ವಸ್ತು ಎದುರಿಗೆ ಸರಿದಾಡಿದರೆ ಸೆನ್ಸರ್ ಎಚ್ಚರವಾಗುತ್ತದೆ. ಸಾಮಾನ್ಯವಾಗಿ ಹತ್ತು ಹದಿನೈದು ಮೀಟರ್ ದೂರದವರೆಗೆ ಹಿಡಿಯುತ್ತದೆ. ಅದು ನೋಡುವುದು ಮುಂದಿನ ಒಂದು ಸೀಳು ಜಾಗವನ್ನು ಮಾತ್ರ. ಬೆನ್ನ ಹಿಂದೆ ಏನು ನಡೆದರೂ ಗೊತ್ತಾಗುವುದಿಲ್ಲ. ದಟ್ಟ ಪೊದೆಯ ಆಚೆಗಿನ ಶಾಖವೂ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಬಿರುಬಿಸಿಲಿನಲ್ಲಿ ಗಾಳಿಯ ಬಿಸಿ ಮೈ ಬಿಸಿಗೆ ಹತ್ತಿರ ಬಂದಾಗ ಸೆನ್ಸರ್ ಮಂಕಾಗುತ್ತದೆ. ನೀವು ಹೋಗಿದ್ದು ಬೆಳಗಿನ ತಂಪಿನಲ್ಲಿ, ಆಗ ಅದು ಚುರುಕಾಗಿಯೇ ಇರುತ್ತದೆ.

ಹುಲಿ ಎಣಿಕೆಗೆ ಇದನ್ನು ಕಟ್ಟುವ ರೀತಿಯೇ ನಿಮಗೆ ದೊಡ್ಡ ಸುಳಿವು ಕೊಡುತ್ತದೆ. ದಾರಿಯ ಎರಡೂ ಕಡೆ, ಒಂದಕ್ಕೊಂದು ಎದುರಾಗಿ, ಜೋಡಿ ಕ್ಯಾಮೆರಾ ಕಟ್ಟುತ್ತೇವೆ. ಯಾಕೆಂದರೆ ಹುಲಿಯ ಎಡಮೈ ಪಟ್ಟೆಯೇ ಬೇರೆ, ಬಲಮೈ ಪಟ್ಟೆಯೇ ಬೇರೆ. ಎರಡೂ ಸಿಕ್ಕಿದರೆ ಮಾತ್ರ ಇದು ಇಂಥದ್ದೇ ಹುಲಿ ಅಂತ ಗಟ್ಟಿಯಾಗಿ ಹೇಳಬಹುದು. ಎತ್ತರ ಒಂದೂವರೆ ಅಡಿ, ಹುಲಿಯ ಪಕ್ಕೆ ಕಾಣುವಷ್ಟು. ಕಟ್ಟಿ ಮುಗಿದ ಮೇಲೆ ನಮ್ಮಲ್ಲಿ ಒಬ್ಬರು ಅಂಗೈ ಮೊಣಕಾಲು ಊರಿ, ಹುಲಿಯ ಹಾಗೆ ಅದರ ಮುಂದೆ ಹಾದು ಹೋಗಬೇಕು. ಸೆನ್ಸರ್ ಹಿಡಿದರೆ ಸಣ್ಣ ಕೆಂಪು ದೀಪ ಮಿಣುಕುತ್ತದೆ. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ. ಆಮೇಲೆ ಕ್ಯಾಮೆರಾ ನಂಬರ್, ತಾರೀಖು ಬರೆದ ಸ್ಲೇಟು ಹಿಡಿದು ಮುಂದೆ ಕೂರುತ್ತೇವೆ. ಹಾಗಾಗಿ ಹೆಚ್ಚಿನ ಕಾರ್ಡ್‌ಗಳಲ್ಲಿ ಮೊದಲ ಫೋಟೊ ಮನುಷ್ಯರದ್ದೇ.

ಇದರಿಂದ ನಿಮಗೆ ಗೊತ್ತಾಗಬೇಕಾದ್ದು ಏನೆಂದರೆ, ಎಣಿಕೆಯ ಕ್ಯಾಮೆರಾ ಮುಖ ಮಾಡಿರುವುದು ದಾರಿಯ ಕಡೆಗೆ. ನೀವು ದಾರಿ ಬಿಟ್ಟು ಒಳಗೆ ಹೋಗಿದ್ದೀರಿ. ಕಣ್ಣು ಮುಚ್ಚಿ ಆ ಜಾಗ ನೆನಪು ಮಾಡಿಕೊಳ್ಳಿ. ನೀವು ಕೂತ ಜಾಗದಿಂದ ಡಬ್ಬಿಯ ಲೆನ್ಸ್ ಕಂಡಿತಾ, ಅಥವಾ ವಾಪಸ್ ಬರುವಾಗ ಮರದ ಆ ಮಗ್ಗುಲಿಗೆ ಬಂದ ಮೇಲೆ ಕಂಡಿತಾ? ಮರದ ಹಿಂದಿನಿಂದ ಬಂದಿದ್ದರೆ ಬಹುಶಃ ನೀವು ದಾರಿಗೆ ಕಾಲಿಟ್ಟ ಫೋಟೊ ಮಾತ್ರ ಇರುತ್ತದೆ. ಎದುರು ಬದಿಯ ಕ್ಯಾಮೆರಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ದಾರಿ ದಾಟಿ ನೀವಿದ್ದ ಕಡೆಗೇ ನೋಡುತ್ತಿರುತ್ತದೆ. ಆದರೆ ನಡುವೆ ಪೊದೆ ಇದ್ದರೆ, ದೂರ ಜಾಸ್ತಿ ಇದ್ದರೆ, ಅದಕ್ಕೆ ಸಿಗುವುದು ಕಷ್ಟ. ಸುಳ್ಳು ಸಮಾಧಾನ ಹೇಳಲಾರೆ. ಲೆನ್ಸಿನ ಎದುರಿಗೇ, ಹತ್ತು ಹೆಜ್ಜೆಯ ಒಳಗೆ, ಬಯಲಿನಲ್ಲಿ ಇದ್ದಿದ್ದರೆ ಫೋಟೊ ಬಂದಿದೆ ಅಂತಲೇ ಇಟ್ಟುಕೊಂಡು ಮುಂದಿನ ಕೆಲಸ ಮಾಡಿ.

ಬಂದಿದ್ದರೆ ಯಾರು ನೋಡುತ್ತಾರೆ? ಇಲ್ಲಿದೆ ನಿಜವಾದ ವಿಷಯ. ಜನ ಕ್ಯಾಮೆರಾ ನೋಡಿ ಹೆದರುತ್ತಾರೆ. ನಾನು ಹೆದರುವುದು ಕಾರ್ಡ್ ನೋಡಿ.

ಎಣಿಕೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವು ಫೋಟೊವನ್ನು ಗಾಳಿಯಲ್ಲಿ ಎಲ್ಲಿಗೂ ಕಳಿಸುವುದಿಲ್ಲ. ಎಲ್ಲ ಒಳಗಿನ ಮೆಮೊರಿ ಕಾರ್ಡ್‌ನಲ್ಲಿ ಕೂತಿರುತ್ತದೆ. ಕೆಲವು ದಿನಕ್ಕೊಮ್ಮೆ ಗಾರ್ಡ್ ಅಥವಾ ವಾಚರ್ ಬಂದು ಬ್ಯಾಟರಿ ನೋಡಿ, ಕಾರ್ಡ್ ಬದಲಾಯಿಸುತ್ತಾರೆ. ಹಳೆ ಕಾರ್ಡ್ ಶರ್ಟಿನ ಜೇಬಿನಲ್ಲಿ ಶಿಬಿರಕ್ಕೆ, ಶಿಬಿರದಿಂದ ವಲಯ ಕಚೇರಿಗೆ ಬರುತ್ತದೆ. ಅಲ್ಲಿ ಕಂಪ್ಯೂಟರಿಗೆ ಇಳಿಸುತ್ತಾರೆ. ಆಮೇಲೆ ಪ್ರಾಣಿವಾರು ಬೇರೆ ಮಾಡುತ್ತಾರೆ. ಈಗ ಇದಕ್ಕೆ ಕ್ಯಾಟ್ರ್ಯಾಟ್ ಅನ್ನುವ ಸಾಫ್ಟ್‌ವೇರ್ ಇದೆ. ಹುಲಿ ಒಂದು ಫೋಲ್ಡರಿಗೆ, ಚಿರತೆ ಇನ್ನೊಂದಕ್ಕೆ, ಜಿಂಕೆ, ಕಾಟಿ, ಆನೆ, ಊರ ದನ, ಹೀಗೆ. ಕೊನೆಗೆ ಒಂದು ಫೋಲ್ಡರ್ ಮನುಷ್ಯರದ್ದು.

ಹುಲಿಯ ಫೋಲ್ಡರಿಗೆ ಇರುವ ಮರ್ಯಾದೆ ಈ ಕೊನೆಯ ಫೋಲ್ಡರಿಗೆ ಇರುವುದಿಲ್ಲ. ಹುಲಿ ಫೋಟೊ ಎಲ್ಲಿಗೆ ಹೋಗಬೇಕು, ಯಾರು ಪಟ್ಟೆ ಹೋಲಿಸಬೇಕು, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗೆ ಯಾವ ರೂಪದಲ್ಲಿ ಕೊಡಬೇಕು, ಎಲ್ಲದಕ್ಕೂ ಕ್ರಮ ಇದೆ. ಮನುಷ್ಯರ ಫೋಲ್ಡರ್ ಯಾರಿಗೂ ಬೇಡ. ಬೇಡದ ಸಾಮಾನು ಅಟ್ಟದ ಮೇಲೆ ಬಿದ್ದಿರುವ ಹಾಗೆ ಹಾರ್ಡ್‌ಡಿಸ್ಕಿನಲ್ಲಿ ಬಿದ್ದಿರುತ್ತದೆ. ಅಟ್ಟಕ್ಕೆ ಬೀಗ ಇರುವುದಿಲ್ಲ. ನಾನು ಕೆಲಸ ಮಾಡಿದ ಹಲವು ಕಡೆ ಅದನ್ನು ಯಾವಾಗ ಅಳಿಸಬೇಕು, ಯಾರು ತೆರೆಯಬಹುದು ಅಂತ ಬರೆದ ಒಂದು ಕಾಗದವೂ ಇರಲಿಲ್ಲ.

ಒಂದು ಫೋಟೊ ನನಗೆ ಇವತ್ತಿಗೂ ಮರೆತಿಲ್ಲ. ಯಾವ ಕಾಡು ಅಂತ ಹೇಳುವುದಿಲ್ಲ. ಸಂಜೆ ಐದೂಕಾಲು ಅಂತ ಫೋಟೊದ ಕೆಳಗಿನ ಪಟ್ಟಿಯಲ್ಲಿ ಇತ್ತು. ತಲೆ ಮೇಲೆ ಸೌದೆ ಹೊರೆ ಹೊತ್ತ ಹೆಂಗಸು. ಮೊದಲ ಫೋಟೊದಲ್ಲಿ ಪಕ್ಕದವರ ಜೊತೆ ಏನೋ ಹೇಳಿ ಬಾಯಿ ತುಂಬ ನಗುತ್ತಿದ್ದಾರೆ. ಎರಡನೆಯದರಲ್ಲಿ ಕ್ಯಾಮೆರಾ ಕಂಡಿದೆ. ಮೂರನೆಯದರಲ್ಲಿ ಒಂದು ಕೈಯಲ್ಲಿ ಹೊರೆ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡಿದ್ದಾರೆ. ಮೂರೂ ಫೋಟೊ ಕೆಲವೇ ಸೆಕೆಂಡುಗಳಲ್ಲಿ ಬಂದಿದ್ದು. ಆ ನಗು ಹೋದದ್ದಕ್ಕೆ ಕಾರಣ ನಾನು ಕಟ್ಟಿದ ಡಬ್ಬಿ. ಅವರು ಯಾವ ತಪ್ಪೂ ಮಾಡಿರಲಿಲ್ಲ. ನಾನೂ ಹುಲಿ ಎಣಿಸಲಿಕ್ಕೆ ಹೋಗಿದ್ದೆ ಅಷ್ಟೆ. ಆದರೂ ಮುಖ ಮುಚ್ಚಿಕೊಳ್ಳಬೇಕಾದದ್ದು ಅವರು. ಆವತ್ತಿನಿಂದ ಮನುಷ್ಯರ ಫೋಟೊಗಳನ್ನು ನಾನು ನೋಡುವ ರೀತಿಯೇ ಬದಲಾಯಿತು.

ಇದಕ್ಕಿಂತ ಎಷ್ಟೋ ಕೆಟ್ಟದ್ದು ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲಿನ ಅಂಚಿನಲ್ಲಿ ಆಗಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ 14 ತಿಂಗಳು ಇದ್ದು, ಸುಮಾರು 270 ಜನರ ಜೊತೆ ಮಾತಾಡಿ, 2024ರ ನವೆಂಬರಿನಲ್ಲಿ ಪ್ರಬಂಧ ಪ್ರಕಟಿಸಿದರು. ಬಹಿರ್ದೆಸೆಗೆ ಹೋಗಿದ್ದ ಒಬ್ಬ ಹೆಣ್ಣುಮಗಳ ಫೋಟೊ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಬಿದ್ದು, ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತ್ತು. ಸಿಟ್ಟಿಗೆದ್ದ ಊರವರು ಹತ್ತಿರದ ಕ್ಯಾಮೆರಾಗಳನ್ನು ಒಡೆದು ಸುಟ್ಟಿದ್ದರು. ಆ ಪ್ರಬಂಧದಲ್ಲಿ ಇನ್ನೊಂದು ಮಾತು ನನ್ನ ಮನಸ್ಸಿಗೆ ತಾಗಿತು. ಅಲ್ಲಿನ ಹೆಂಗಸರು ಸೌದೆ, ಹುಲ್ಲಿಗೆ ಹೋಗುವಾಗ ಜೋರಾಗಿ ಹಾಡುತ್ತಾ, ಮಾತಾಡುತ್ತಾ ಹೋಗುತ್ತಿದ್ದರು. ಮನೆಯಲ್ಲಿ ಹೇಳಲಾಗದ್ದನ್ನು ಕಾಡಿನಲ್ಲಿ ಹೇಳಿಕೊಳ್ಳುತ್ತಿದ್ದರು. ಆ ಸದ್ದಿಗೆ ಪ್ರಾಣಿಗಳೂ ದೂರ ಸರಿಯುತ್ತಿದ್ದವು. ಕ್ಯಾಮೆರಾ ಬಂದ ಮೇಲೆ ಅವರು ಮೆತ್ತಗಾದರು. ಕ್ಯಾಮೆರಾ ಇಲ್ಲದ, ಗೊತ್ತಿಲ್ಲದ ಜಾಗಗಳಿಗೆ ಹೋಗತೊಡಗಿದರು. ಹುಲಿ ಇರುವ ಕಾಡಿನಲ್ಲಿ ಸದ್ದಿಲ್ಲದೆ, ಗೊತ್ತಿಲ್ಲದ ದಾರಿ ಹಿಡಿಯುವುದು ಅಂದರೆ ಜೀವಕ್ಕೇ ಅಪಾಯ ಅಲ್ವಾ.

ಇದು ಅಲ್ಲೊಂದು ಇಲ್ಲೊಂದು ಆಗುವ ಆಕಸ್ಮಿಕವೂ ಅಲ್ಲ. 2018ರಲ್ಲಿ ಕ್ಯಾಮೆರಾ ಟ್ರ್ಯಾಪ್ ಬಳಸುವ ಸಂಶೋಧಕರನ್ನು ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ನಮ್ಮ ಕ್ಯಾಮೆರಾದಲ್ಲಿ ಮನುಷ್ಯರೂ ಬಿದ್ದಿದ್ದಾರೆ ಅಂದರು. ಮೀನಿಗೆ ಹಾಕಿದ ಬಲೆಗೆ ಆಮೆ ಬಿದ್ದ ಹಾಗೆ. ಬಲೆ ಎಷ್ಟು ದೊಡ್ಡದು ಅಂತ ನೋಡಿ. 2022ರ ರಾಷ್ಟ್ರೀಯ ಹುಲಿ ಎಣಿಕೆಯಲ್ಲಿ 32,588 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಫೋಟೊಗಳು ನಾಲ್ಕು ಕೋಟಿ ಎಪ್ಪತ್ತು ಲಕ್ಷ. ಅದರಲ್ಲಿ ಹುಲಿಯದ್ದು 97,399. ಅಂದರೆ ಸಾವಿರ ಫೋಟೊಗೆ ಎರಡು ಹುಲಿ. ಉಳಿದದ್ದು ಬೇರೆ ಪ್ರಾಣಿಗಳು, ಗಾಳಿಗೆ ಅಲ್ಲಾಡಿದ ಹುಲ್ಲು, ದನ, ಜೀಪು, ಮತ್ತೆ ನೀವು, ನಾನು.

ಹಾಗಂತ ಕ್ಯಾಮೆರಾ ಟ್ರ್ಯಾಪ್ ಬೇಡವೇ ಬೇಡ ಅನ್ನುವವನು ನಾನಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಇದರಿಂದ ಹುಲಿ ಎಣಿಸುವ ಕೆಲಸ ಶುರು ಮಾಡಿದರು. ಅದಕ್ಕೆ ಮೊದಲು, ಸರ್ಕಾರದ ಎಣಿಕೆಯಲ್ಲಿ ಆಮೇಲೂ ಕೆಲವು ವರ್ಷ, ಹೆಜ್ಜೆ ಗುರುತಿನ ಅಚ್ಚು ತೆಗೆದು ಲೆಕ್ಕ ಹಾಕುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಲ್ಲಿ ಒಂದು ಥರ, ದೂಳಲ್ಲಿ ಇನ್ನೊಂದು ಥರ. ಆ ಲೆಕ್ಕ ನಂಬಿ ಕೂತಿದ್ದಾಗಲೇ 2004ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳು ಪೂರ್ತಿ ಮುಗಿದುಹೋಗಿದ್ದವು. ಕಾಗದದಲ್ಲಿ ಮಾತ್ರ ಉಳಿದಿದ್ದವು. ಪಟ್ಟೆ ನೋಡಿ ಎಣಿಸುವುದಕ್ಕೆ ಬದಲಿ ಇಲ್ಲ. ಕಳ್ಳಬೇಟೆ ತಡೆ ಶಿಬಿರದಲ್ಲಿ ಮಳೆಗಾಲ ಪೂರ್ತಿ ಕಳೆಯುವ ವಾಚರ್‌ಗಳ ಕಷ್ಟ ನಾನು ಕಣ್ಣಾರೆ ಕಂಡಿದ್ದೇನೆ. ಕೈಯಲ್ಲಿ ಒಂದು ದೊಣ್ಣೆ, ಒಂದು ಟಾರ್ಚು. ಎದುರಿಗೆ ಬರುವವನ ಕೈಯಲ್ಲಿ ಬಂದೂಕು. ಅವರಿಗೆ ಒಂದು ಕ್ಯಾಮೆರಾ ಮೊದಲೇ ಎಚ್ಚರಿಕೆ ಕೊಟ್ಟರೆ ಒಂದು ಜೀವ ಉಳಿಯುತ್ತದೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಎಣಿಕೆಯ ಕ್ಯಾಮೆರಾ ಬೇರೆ, ಕಾವಲಿನ ಕ್ಯಾಮೆರಾ ಬೇರೆ. ಎಣಿಕೆಯದ್ದು ಬಚ್ಚಿಟ್ಟಿರುವುದಿಲ್ಲ, ಒಂದು ತಿಂಗಳ ಸುಮಾರು ಇದ್ದು ಬಿಚ್ಚಿಕೊಂಡು ಹೋಗುತ್ತಾರೆ. ಕಾವಲಿನದ್ದು ಮನುಷ್ಯರನ್ನೇ ಹಿಡಿಯಲಿಕ್ಕೆ ಇಡುವುದು. ಮರದ ಕವಲಿನಲ್ಲಿ, ಎತ್ತರದಲ್ಲಿ, ಕಾಣದ ಹಾಗೆ ಇರುತ್ತದೆ. ಟ್ರೈಲ್‌ಗಾರ್ಡ್‌ನಂಥ ಹೊಸ ಕ್ಯಾಮೆರಾಗಳು ಮನುಷ್ಯ ಕಂಡ ಕೂಡಲೆ ಆ ಚಿತ್ರವನ್ನು ಅಧಿಕಾರಿಯ ಫೋನಿಗೇ ಕಳಿಸುತ್ತವೆ. ಇಂಥದ್ದರಲ್ಲಿ ನಿಮ್ಮ ಚಿತ್ರ ಬಿದ್ದರೆ ಅದು ಆ ಕ್ಷಣವೇ ಯಾರದ್ದೋ ಅಂಗೈಯಲ್ಲಿ ಇರುತ್ತದೆ. ನೀವು ಕಂಡಿದ್ದು ಮೊಣಕಾಲೆತ್ತರದ್ದು ಅಂದಿದ್ದೀರಿ. ಅದು ಎಣಿಕೆಯದ್ದೇ ಇರುವ ಸಾಧ್ಯತೆ ಜಾಸ್ತಿ, ಚಿತ್ರ ಇದ್ದರೂ ಕಾರ್ಡ್‌ನಲ್ಲೇ ಇದ್ದಿರಬೇಕು.

ಇನ್ನು ಸರ್ಕಾರಕ್ಕೆ ಹಕ್ಕಿದೆಯಾ ಅನ್ನುವುದಕ್ಕೆ ಬರೋಣ. ಕ್ಯಾಮೆರಾ ಇಡುವ ಹಕ್ಕು ಇದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಆಡಳಿತ, ಅಲ್ಲಿಗೆ ಯಾರು ಬರಬಹುದು ಅನ್ನುವ ನಿಯಂತ್ರಣ, ಎರಡನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲಾಖೆಯ ಕೈಗೆ ಕೊಟ್ಟಿದೆ. ಆದರೆ ಅದೇ ಕಾಯ್ದೆಯಲ್ಲಿ ಕಾಡಿಗೆ ಬಂದ ಮನುಷ್ಯರ ಫೋಟೊ ತೆಗೆದರೆ ಅದನ್ನು ಏನು ಮಾಡಬೇಕು ಅಂತ ಇಲ್ಲ. ಆ ಕಾಯ್ದೆ ಬರೆಯುವಾಗ ಮರವೇ ಫೋಟೊ ತೆಗೆಯುವ ಕಾಲ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಹಾಗಾದರೆ ಕಾಡಿಗೆ ಕಾಲಿಟ್ಟ ಕೂಡಲೆ ನಮ್ಮ ಖಾಸಗಿತನ ಗೇಟಿನ ಹೊರಗೇ ಉಳಿಯಿತಾ? ಇಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿದೆ. ಆ ಪ್ರಕರಣ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗದಲ್ಲಿ ಇದ್ದ ಮಾತ್ರಕ್ಕೆ ಖಾಸಗಿತನ ಪೂರ್ತಿ ಕಳೆದುಹೋಗುವುದಿಲ್ಲ, ಅದು ಜಾಗಕ್ಕೆ ಅಂಟಿದ್ದಲ್ಲ, ಮನುಷ್ಯರಿಗೆ ಅಂಟಿದ್ದು ಅನ್ನುವುದು ಆ ತೀರ್ಪಿನ ತಿರುಳಲ್ಲಿ ಒಂದು. ಸರ್ಕಾರ ಅದಕ್ಕೆ ಕೈ ಹಾಕಬೇಕಾದರೆ ಒಂದು ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಕಾರಣಕ್ಕೆ ಬೇಕಾದಷ್ಟೇ ಕೈ ಹಾಕಬೇಕು. ಹುಲಿ ಎಣಿಸುವುದು ಸರಿಯಾದ ಕಾರಣ. ಆದರೆ ಆ ಕಾರಣಕ್ಕೆ ನಿಮ್ಮ ಫೋಟೊ ಬೇಕಾಗಿಯೇ ಇಲ್ಲ. ಬೇಡದ್ದನ್ನು ಇಟ್ಟುಕೊಂಡು ಕೂರುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಗ್ಗೆ ಕೇಳಿರಬಹುದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ಗುರುತು ಸಿಗುವ ಫೋಟೊ ವೈಯಕ್ತಿಕ ದತ್ತಾಂಶವೇ. ಆದರೆ ಸರ್ಕಾರದ ಕೆಲಸಗಳಿಗೆ, ಅಪರಾಧ ತಡೆಗೆ, ಸಂಶೋಧನೆಗೆ ಅದರಲ್ಲಿ ದೊಡ್ಡ ದೊಡ್ಡ ಬಾಗಿಲುಗಳನ್ನು ತೆರೆದಿಟ್ಟಿದ್ದಾರೆ. ಅದೊಂದನ್ನೇ ನಂಬಿಕೊಳ್ಳಬೇಡಿ.

ನಿಮ್ಮ ಕೈಗೆ ಗಟ್ಟಿಯಾಗಿ ಸಿಗುವ ಕಾನೂನು ಬೇರೆ ಇದೆ. ಫೋಟೊ ಬಿದ್ದದ್ದು ಯಂತ್ರದ ಕೆಲಸ, ಅದಕ್ಕೆ ಯಾರನ್ನೂ ಅಪರಾಧಿ ಅನ್ನಲಾಗುವುದಿಲ್ಲ. ಆದರೆ ಆ ಫೋಟೊವನ್ನು ಯಾರಾದರೂ ಬೇಕೆಂದೇ ಇನ್ನೊಬ್ಬರಿಗೆ ಕಳಿಸಿದರೆ ಕಥೆ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ, ಒಪ್ಪಿಗೆ ಇಲ್ಲದೆ ಒಬ್ಬರ ಗುಪ್ತ ಭಾಗದ ಚಿತ್ರ ತೆಗೆಯುವುದು, ಪ್ರಕಟಿಸುವುದು, ಕಳಿಸುವುದು ಮೂರು ವರ್ಷದವರೆಗೆ ಜೈಲು ಕೊಡಬಹುದಾದ ಅಪರಾಧ. ಗಂಡು, ಹೆಣ್ಣು ಯಾರಿಗಾದರೂ ಇದು ಅನ್ವಯಿಸುತ್ತದೆ. ಹೆಂಗಸರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಇನ್ನೂ ಬಿಗಿ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ, ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ. ಕಳಿಸಿದವನು ಸರ್ಕಾರಿ ನೌಕರ ಅನ್ನುವುದು ರಕ್ಷಣೆ ಆಗುವುದಿಲ್ಲ. ಅಂಥದ್ದು ನಿಮ್ಮ ಕಿವಿಗೆ ಬಿದ್ದರೆ ಇಲಾಖೆಯ ಬಾಗಿಲಲ್ಲಿ ಕಾಯುತ್ತಾ ಕೂರಬೇಡಿ. ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. 1930 ಸೈಬರ್ ಸಹಾಯವಾಣಿಯೂ ಇದೆ.

ಕಾರ್ಡ್ ಕಿತ್ತುಕೊಂಡು ಬಿಡಬೇಕಿತ್ತಾ ಅಂತ ಕೇಳಿದ್ದೀರಿ. ಮುಟ್ಟದೇ ಬಂದಿದ್ದು ಒಳ್ಳೆಯದಾಯಿತು. ಆ ಹೊತ್ತಿನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕಾರ್ಡ್ ತೆಗೆದರೆ ಅದು ಕಳ್ಳತನ ಅಂತ ಆಗುತ್ತದೆ. ಒಡೆದರೆ ಸಾರ್ವಜನಿಕ ಆಸ್ತಿ ಹಾನಿ, 1984ರ ಕಾಯ್ದೆಯಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕಿಂತ ಹೆಚ್ಚಾಗಿ, ಕಾರ್ಡ್ ಕಳೆದ ಕ್ಯಾಮೆರಾದ ಎದುರಿನ ಜೋಡಿ ಕ್ಯಾಮೆರಾ ನಿಮ್ಮ ಚಿತ್ರವನ್ನು ಚೆನ್ನಾಗಿಯೇ ತೆಗೆದಿರುತ್ತದೆ. ಆಗ ಎಲ್ಲರೂ ಕೂತು ಅದನ್ನೇ ಮತ್ತೆ ಮತ್ತೆ ನೋಡುತ್ತಾರೆ. ಬೇಡದ ಫೋಟೊವನ್ನು ನಾವೇ ಸಾಕ್ಷಿ ಮಾಡಿಕೊಟ್ಟ ಹಾಗೆ.

ಹೆದರಬೇಕಿಲ್ಲದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಫೋಟೊದಲ್ಲಿ ಇದ್ದೀರಿ ಅಂದ ಮಾತ್ರಕ್ಕೆ ಯಾರೂ ನಿಮ್ಮ ಮೇಲೆ ಅತಿಕ್ರಮ ಪ್ರವೇಶದ ಕೇಸು ಹಾಕಲಾಗುವುದಿಲ್ಲ. ನಿಮ್ಮ ಹತ್ತಿರ ಪರ್ಮಿಟ್ ಇದೆ, ಜೊತೆಗೆ ಗೈಡ್ ಇದ್ದರು. ಆ ಪರ್ಮಿಟ್ಟನ್ನು ಎಸೆಯಬೇಡಿ. ಹಾಡಿಗಳಲ್ಲಿ ಇರುವವರ ವಿಷಯ ಇನ್ನೂ ಸೂಕ್ಷ್ಮ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿದೆ. ಜೇನು, ನೆಲ್ಲಿಕಾಯಿ, ಪಾಚಿಗೆ ಅವರು ಕಾಡಿಗೆ ಹೋಗುವುದು ಅವರ ಹಕ್ಕು. ನಾವು ಒಂದು ದಿನ ಹೋಗಿ ಬರುವವರು. ನಮಗೇ ಇಷ್ಟು ಕಸಿವಿಸಿ ಆದರೆ, ದಿನ ಬೆಳಗಾದರೆ ಆ ಲೆನ್ಸಿನ ಮುಂದೆ ಓಡಾಡುವವರ ಪಾಡು ಯೋಚಿಸಿ.

ಇಲಾಖೆ ಏನು ಮಾಡಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಚಾರಣದ ಗೇಟಿನಲ್ಲಿ ಕನ್ನಡದಲ್ಲಿ ಒಂದು ಬೋರ್ಡ್: ಈ ಕಾಡಿನಲ್ಲಿ ಕ್ಯಾಮೆರಾ ಇದೆ, ದಾರಿ ಬಿಟ್ಟು ಹೋಗಬೇಡಿ, ಶೌಚಕ್ಕೆ ಇಂಥ ಜಾಗ. ಕಾವಲಿನ ಕ್ಯಾಮೆರಾ ಎಲ್ಲಿದೆ ಅಂತ ಹೇಳಬೇಕಾಗಿಲ್ಲ, ಇದೆ ಅಂತ ಹೇಳಿದರೆ ಸಾಕು. ಅಷ್ಟು ಹೇಳಿದ್ದಕ್ಕೆ ಯಾವ ಹುಲಿಗೂ ನಷ್ಟ ಆಗುವುದಿಲ್ಲ. ಗೈಡ್ ಬಾಯಲ್ಲಿ ಎರಡು ಮಾತು ಹೇಳಿಸಿದರೆ ಬೋರ್ಡ್‌ಗಿಂತ ಒಳ್ಳೆಯದು. ಊರ ಹೆಂಗಸರು ಓಡಾಡುವ ದಾರಿ, ನೀರಿನ ಜಾಗಗಳಲ್ಲಿ ಇಡುವ ಮೊದಲು ಅವರನ್ನೇ ಕೇಳಬೇಕು. ನಾವು ಒಂದು ಕಡೆ ಹೀಗೆ ಕೇಳಿ, ಅವರು ತೋರಿಸಿದ ಇನ್ನೂರು ಮೀಟರ್ ಆಚೆಗೆ ಕ್ಯಾಮೆರಾ ಸರಿಸಿದೆವು. ಹುಲಿ ಅಲ್ಲಿಯೂ ಬಂತು. ಮತ್ತೆ ಕಾರ್ಡ್‌ನ ಮೊದಲ ಜರಡಿಯನ್ನು ಮನುಷ್ಯರ ಕಣ್ಣಿಗೆ ಬಿಡಬಾರದು. ಪ್ರಾಣಿ, ಮನುಷ್ಯ, ವಾಹನ ಅಂತ ತಾನೇ ಬೇರೆ ಮಾಡುವ ಮೆಗಾಡಿಟೆಕ್ಟರ್‌ನಂಥ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮನುಷ್ಯರ ಫೋಟೊ ತೆರೆಯದೆಯೇ ಪಕ್ಕಕ್ಕೆ ಹೋಗುವ ಹಾಗೆ ಮಾಡಬಹುದು. ಬಂದೂಕು, ಉರುಳು ಇರುವ ಅನುಮಾನ ಇದ್ದರೆ ಒಬ್ಬ ಜವಾಬ್ದಾರಿ ಅಧಿಕಾರಿ, ಸಾಧ್ಯವಾದರೆ ಮಹಿಳಾ ಅಧಿಕಾರಿ, ಪುಸ್ತಕದಲ್ಲಿ ಸಹಿ ಹಾಕಿ ತೆರೆಯಲಿ. ಉಳಿದದ್ದು ಇಂತಿಷ್ಟು ದಿನದಲ್ಲಿ ಅಳಿಸಿಹೋಗಲಿ. ಇದರಲ್ಲಿ ಯಾವುದೂ ಆಗದ ಕೆಲಸ ಅಲ್ಲ.

ಈಗ ನೀವು ಮಾಡಬೇಕಾದ್ದು. ಆ ವಲಯದ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಮತ್ತು ವಿಭಾಗದ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ), ಇಬ್ಬರಿಗೂ ಪತ್ರ ಬರೆಯಿರಿ. ಹುಲಿ ಮೀಸಲಾದರೆ ಅದರ ನಿರ್ದೇಶಕರಿಗೆ. ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಉದ್ದ ಬೇಡ, ಸಿಟ್ಟೂ ಬೇಡ. ಹೀಗೆ ಬರೆದರೆ ಸಾಕು:

"ಇಂಥ ದಿನಾಂಕ ನಾನು ಪರ್ಮಿಟ್ ಪಡೆದು ಇಂಥ ಚಾರಣ ದಾರಿಯಲ್ಲಿ ಹೋಗಿದ್ದೆ. ಬೆಳಿಗ್ಗೆ 7.45ರಿಂದ 8.15ರ ನಡುವೆ ಇಂಥ ಜಾಗದ ಹತ್ತಿರದ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ನನ್ನ ಖಾಸಗಿ ಚಿತ್ರ ದಾಖಲಾಗಿರುವ ಸಾಧ್ಯತೆ ಇದೆ. ಆ ಅರ್ಧ ಗಂಟೆಯಲ್ಲಿ ಆ ಜಾಗದ ಎರಡೂ ಕ್ಯಾಮೆರಾಗಳಲ್ಲಿ ದಾಖಲಾದ ಮನುಷ್ಯರ ಚಿತ್ರಗಳನ್ನು, ಎಲ್ಲ ಪ್ರತಿಗಳ ಸಮೇತ, ಮಹಿಳಾ ಅಧಿಕಾರಿಯ ಸಮ್ಮುಖದಲ್ಲಿ ಅಳಿಸಿ, ಅಳಿಸಿದ್ದನ್ನು ನನಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಅವುಗಳನ್ನು ಯಾರೂ ನಕಲು ಮಾಡದಂತೆ ನೋಡಿಕೊಳ್ಳಬೇಕು."

ಸಮಯ ಬರೆಯುವುದು ಮುಖ್ಯ. ಪ್ರತಿ ಫೋಟೊದ ಮೇಲೂ ತಾರೀಖು, ಗಂಟೆ, ನಿಮಿಷ ಇರುತ್ತದೆ. ನಿಮ್ಮ ಫೋನಿನಲ್ಲಿ ಆ ದಿನ ತೆಗೆದ ಫೋಟೊಗಳ ಸಮಯ ನೋಡಿ, ಗೆಳತಿಯರನ್ನು ಕೇಳಿ, ಆದಷ್ಟು ಹತ್ತಿರದ ಸಮಯ ಹಾಕಿ. ಅರ್ಧ ಗಂಟೆಯ ಕಿಟಕಿ ಕೊಟ್ಟರೆ ಅವರು ಇಡೀ ಕಾರ್ಡ್ ಜಾಲಾಡುವ ಅಗತ್ಯ ಬರುವುದಿಲ್ಲ. ನೀವು ಮೂತ್ರಕ್ಕೆ ಹೋಗಿದ್ದು ಅಂತ ಪತ್ರದಲ್ಲಿ ಬರೆಯಲೇಬೇಕಾಗಿಲ್ಲ. ಖಾಸಗಿ ಅಂದರೆ ಸಾಕು, ವಿವರ ಕೇಳುವ ಅಧಿಕಾರ ಯಾರಿಗೂ ಇಲ್ಲ. ಒಬ್ಬರೇ ಬರೆಯಲು ಮುಜುಗರ ಆದರೆ ಐದೂ ಜನ ಸೇರಿ ಸಹಿ ಹಾಕಿ. ಆಗ ಯಾರದ್ದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಅದರಲ್ಲಿ ನಿಮ್ಮ ಫೋಟೊ ಕೇಳಬೇಡಿ, ಕ್ಯಾಮೆರಾ ಎಲ್ಲೆಲ್ಲಿದೆ ಅಂತಲೂ ಕೇಳಬೇಡಿ. ಅದು ಕಳ್ಳಬೇಟೆಯವರ ಕೈಗೂ ಸಿಗಬಹುದು, ಇಲಾಖೆ ಕೊಡದಿದ್ದರೆ ಅದು ಸರಿಯೇ. ಕೇಳಬೇಕಾದ್ದು ಇಷ್ಟು: ಮನುಷ್ಯರ ಚಿತ್ರಗಳನ್ನು ಎಷ್ಟು ದಿನ ಇಡುತ್ತೀರಿ, ಯಾರು ನೋಡಬಹುದು, ಅಳಿಸುವ ಬಗ್ಗೆ ಯಾವ ಆದೇಶ ಇದೆ, ಆ ಆದೇಶದ ಪ್ರತಿ ಕೊಡಿ. ಆದೇಶವೇ ಇಲ್ಲ ಅಂತ ಉತ್ತರ ಬಂದರೆ ಅದೂ ಕೆಲಸಕ್ಕೆ ಬರುತ್ತದೆ. ಆ ಉತ್ತರ ಹಿಡಿದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಬರೆಯಬಹುದು, ಮಹಿಳಾ ಆಯೋಗಕ್ಕೂ ಕೊಡಬಹುದು.

ಪತ್ರವನ್ನು ಈ ವಾರವೇ ಕಳಿಸಿ. ಎಣಿಕೆಯ ಒಂದು ಸುತ್ತು ಮುಗಿಯುವವರೆಗೆ ಫೋಟೊಗಳು ಹೆಚ್ಚಾಗಿ ಒಂದು ಕಾರ್ಡ್, ಒಂದು ಕಂಪ್ಯೂಟರಿನಲ್ಲಿ ಇರುತ್ತವೆ. ಆಮೇಲೆ ಪ್ರತಿಗಳು ಜಾಸ್ತಿ ಆಗುತ್ತವೆ, ಅಳಿಸುವುದು ಕಷ್ಟ. ಏನು ಉತ್ತರ ಬಂತು ಅಂತ ನನಗೆ ದಯವಿಟ್ಟು ತಿಳಿಸಿ. ಬರದಿದ್ದರೂ ತಿಳಿಸಿ, ಮುಂದಿನ ಅರ್ಜಿಯನ್ನು ಕೂತು ಒಟ್ಟಿಗೆ ಬರೆಯೋಣ.